ಕುದಿಸಿದರೂ ಹೋಗದ್ದು

ನಾಲಿಗೆಗೆ ಬೆರಳು ಮುಟ್ಟಿಸಿ ಟಿಕೆಟ್ ಹರಿಯುತ್ತಾನೆ, ಅದೇ ಬೆರಳಲ್ಲಿ ಚಿಲ್ಲರೆ ಹೆಕ್ಕುತ್ತಾನೆ, ಬೆರಳು ಮತ್ತೆ ನಾಲಿಗೆಗೆ, ಅರಸೀಕೆರೆ ಬಸ್‌ಸ್ಟ್ಯಾಂಡು ಬಿಟ್ಟಾಗಿನಿಂದ ಈ ಕಂಡಕ್ಟರ್ ಇಡೀ ಬಸ್ಸಿಗೆ ತನ್ನ ಬಾಯಿ ಹಂಚುತ್ತಿದ್ದಾನೆ, ಯಾರಿಗೂ ಏನೂ ಅನ್ನಿಸುವುದಿಲ್ಲ, ಮುಂದಿನ ಸೀಟಿನ ಹೆಂಗಸು ಟಿಕೆಟನ್ನು ಮಡಿಸಿ ಬಳೆಯ ಸಂದಿಗೆ ಸಿಕ್ಕಿಸಿಕೊಂಡಳು, ಅವಳ ಮಗು ಅದನ್ನೇ ಕಿತ್ತು ಚೀಪುತ್ತಿದೆ — ಚೀಪು ಕಂದಾ, ಟಿಕೆಟ್ಟಿಗೆ ಮಡಿಯೂ ಇಲ್ಲ ಮೈಲಿಗೆಯೂ ಇಲ್ಲ, ಅದೆಲ್ಲ ಇರುವುದು ಪಾಯಸಕ್ಕೆ ಮಾತ್ರ. ಬೇಲೂರಿಗೆ ಎರಡು ಕೊಡಿ, ಇನ್ನೊಬ್ಬರು ಹಳೇಬೀಡಿನಲ್ಲಿ ಹತ್ತುತ್ತಾರೆ ಅಂದೆ, ಹತ್ತಿದಾಗ ತಗೊಳ್ರೀ ಮೇಡಂ, ಹತ್ತದೇ ಇದ್ರೆ ನಾನು ಯಾರಿಗೆ ಉತ್ತರ ಕೊಡ್ಲಿ ಅಂದ. ಹತ್ತುತ್ತಾಳೆ, ಹತ್ತಲೇಬೇಕು, ಮಧ್ಯಾಹ್ನ ಬೇಲೂರಿನ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಣೆ ಇರುವುದೇ ಅವಳ ಮೇಲೆ, ನನ್ನ ಸೋದರತ್ತೆ ಮುತ್ತಮ್ಮನ ಮೇಲೆ, ಆಗಸ್ಟ್ ಹದಿನೈದಕ್ಕೆ ಅವಳು ಮಾಡಿದ ಪಾಯಸ ಕುಡಿದು ಊರಿನ ಶಾಲೆಯ ಮಕ್ಕಳೆಲ್ಲ ವಾಂತಿ ಮಾಡಿಕೊಂಡದ್ದು ಯಾಕೆ, ಅವಳು ಇನ್ನು ಮುಂದೆ ಆ ಶಾಲೆಯ ಬಿಸಿಯೂಟದ ಒಲೆಯ ಮುಂದೆ ಕೂರಬಹುದೋ ಇಲ್ಲವೋ, ಇಷ್ಟೇ ಪ್ರಶ್ನೆ, ಇದಕ್ಕೆ ಉತ್ತರ ನನ್ನ ಬ್ಯಾಗಿನಲ್ಲಿದೆ, ಬೆಂಗಳೂರಿನ ಲ್ಯಾಬಿನಿಂದ ಬಂದದ್ದು, ಮೊಹರಿನ ಸಮೇತ, ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಒಬ್ಬನೇ ಒಬ್ಬ ಆ ಕಚೇರಿಯಲ್ಲಿ ಇದ್ದರೆ ನನ್ನ ಹೆಸರು ಮಾಲಿನಿ ಅಲ್ಲ.

ಹಲ್ಲಿ ಬಿದ್ದಿತ್ತಂತೆ. ಮದುವೆಮನೆಯಲ್ಲಿ ಜನ ಮಲಗಿದರೆ ಹಲ್ಲಿ, ಹಾಸ್ಟೆಲಿನಲ್ಲಿ ಹುಡುಗರು ಮಲಗಿದರೆ ಹಲ್ಲಿ, ಸಾರಿಗೆ ಬಿತ್ತು, ಹಾಲಿಗೆ ಬಿತ್ತು, ಈ ಸೀಮೆಯ ಹಲ್ಲಿಗಳಿಗೆ ಗೋಡೆ ಹಿಡಿದುಕೊಳ್ಳುವುದೇ ಮರೆತುಹೋಗಿದೆಯೇ, ಅದರ ಮೈಯಲ್ಲಿ ಊರಿಗೆ ಊರೇ ಮಲಗಿಸುವಂಥ ವಿಷ ಎಲ್ಲಿದೆ, ಪಾಪದ ಪ್ರಾಣಿ, ಕೋರ್ಟಿಗೆ ಬಂದು ಸಾಕ್ಷಿ ಹೇಳುವುದಿಲ್ಲ ಅನ್ನುವುದೊಂದೇ ಅದರ ತಪ್ಪು. ಹೆಡ್‌ಮಾಸ್ಟರು ಚನ್ನಬಸವಯ್ಯನವರು ಮೊದಲನೆಯ ದಿನವೇ ಹೇಳಿದರು, ಎಷ್ಟು ಮೆತ್ತಗೆ ಹೇಳಿದರು, ನೋಡಮ್ಮ ಮಾಲಿನಿ, ನೀನು ಓದಿದೋಳು, ಅರಸೀಕೆರೆ ಕಾಲೇಜಲ್ಲಿ ಪಾಠ ಮಾಡೋಳು, ನಿನಗೆ ಬಿಡಿಸಿ ಹೇಳ್ಬೇಕಾ, ಹಲ್ಲಿ ಅಂದ್ರೆ ಯಾರ ತಪ್ಪೂ ಅಲ್ಲ, ಸೂರಿನ ತಪ್ಪು, ಸೂರಿಗೆ ಶೀಟ್ ಹಾಕಿಸ್ಕೋಬಹುದು, ಮುತ್ತಮ್ಮನೂ ಇರ್ಲಿ, ಯಾರು ಬೇಡ ಅಂದ್ರು, ಪಾತ್ರೆ ತೊಳ್ಕೊಂಡು ಅಕ್ಕಿ ಆರಿಸ್ಕೊಂಡು ಇರ್ಲಿ, ಒಲೆ ಮುಂದಕ್ಕೆ ಬೇರೆ ಯಾರನ್ನಾದ್ರೂ ನೋಡಿದ್ರಾಯ್ತು. ಹಲ್ಲಿಯ ಬಾಲ ಹಿಡಿದು ಎಲ್ಲಿಗೆ ಬಂದು ನಿಂತರು ನೋಡಿ. ಅದಕ್ಕೆ ಸರಿಯಾಗಿ ಆ ದಿನ ಬಂದು ತಪ್ಪಲೆಯ ತಳದಲ್ಲಿ ಉಳಿದದ್ದನ್ನು ಪರೀಕ್ಷೆಗೆ ಒಯ್ದ ಆರೋಗ್ಯ ಇಲಾಖೆಯವರು ರೋಗಾಣು ಏನೂ ಕಂಡುಬಂದಿಲ್ಲ ಎಂದು ಬರೆದು ಕಳಿಸಿದರು, ಹೇಗೆ ಕಾಣುತ್ತದೆ, ಅತ್ತೆ ಅದನ್ನು ಕೊತಕೊತ ಕುದಿಸಿದ್ದಾಳೆ, ಅವಳ ಕೈಯಲ್ಲಿ ನೀರು ಸಹ ಕುದಿಯದೆ ಇಳಿಯುವುದಿಲ್ಲ, ಕುದಿತಕ್ಕೆ ಅವೆಲ್ಲ ಸತ್ತಿವೆ, ರೋಗಾಣು ಇಲ್ಲ, ಹಾಗಾದರೆ ಹಲ್ಲಿ, ಮುಗಿಯಿತು ಇವರ ವಿಜ್ಞಾನ.

ಸತ್ತದ್ದು ಬ್ಯಾಕ್ಟೀರಿಯಾ, ಅದು ಬಿಟ್ಟುಹೋದದ್ದು ಸತ್ತಿಲ್ಲ, ಇದನ್ನು ಎಷ್ಟು ಸಲ ಹೇಳಲಿ, ವರ್ಷಾವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ, ಸ್ಟ್ಯಾಫಿಲೋಕಾಕಸ್, ಚಿಕ್ಕದಾಗಿ ಸ್ಟ್ಯಾಫ್, ಕೀವಿನಲ್ಲಿ ಇರುವಂಥದ್ದು, ಬೆಚ್ಚಗಿನ ಹಾಲಿಗೆ ಬಿದ್ದರೆ ಒಂದಕ್ಕೆ ಎರಡಾಗಿ ಎರಡಕ್ಕೆ ನಾಲ್ಕಾಗಿ ಹೆಚ್ಚುತ್ತದೆ, ಹೆಚ್ಚುತ್ತ ಹೆಚ್ಚುತ್ತ ಟಾಕ್ಸಿನ್ ಅನ್ನುವ ಒಂದು ಪುಟ್ಟ ವಿಷದ ಪ್ರೋಟೀನನ್ನು ಹೊರಗೆ ಬಿಡುತ್ತದೆ, ಎಷ್ಟು ಪುಟ್ಟದೆಂದರೆ ನಮ್ಮ ರಕ್ತದ ಹೀಮೋಗ್ಲೋಬಿನ್ನಿನ ಪಕ್ಕದಲ್ಲಿ ಇಟ್ಟರೆ ಅದರ ಅರ್ಧದಷ್ಟೂ ಇಲ್ಲ, ಇನ್ನೂರು ಚಿಲ್ಲರೆ ಮಣಿಗಳ ಒಂದು ಸರ, ಆದರೆ ಆ ಸರ ತನಗೆ ತಾನೇ ಸುತ್ತಿಕೊಂಡು ಹಾಕಿಕೊಂಡ ಗಂಟು ಇದೆಯಲ್ಲ, ಒದ್ದೆ ಹಗ್ಗದ ಗಂಟು, ಕುದಿಸಿ, ಬಿಚ್ಚುವುದಿಲ್ಲ, ಹೊಟ್ಟೆಯ ಆಮ್ಲದಲ್ಲಿ ಮುಳುಗಿಸಿ, ಬಿಚ್ಚುವುದಿಲ್ಲ, ಕುಡಿದ ಎರಡು ಮೂರು ಗಂಟೆಯಲ್ಲಿ ವಾಂತಿ, ಜ್ವರ ಇಲ್ಲ, ಮಾರನೆಯ ದಿನ ಎದ್ದು ಆಟಕ್ಕೆ ಓಡುತ್ತಾರೆ, ಶಾಲೆಯ ಮಕ್ಕಳೂ ಎದ್ದು ಓಡಿದರು, ಪುಸ್ತಕದಲ್ಲಿ ಬರೆದ ಹಾಗೇ ಆಯಿತು. ಮ್ಯಾಮ್, ಇದು ಎಕ್ಸಾಮಿಗೆ ಬರುತ್ತಾ — ಪ್ರತಿ ವರ್ಷ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ, ಬರಲ್ಲ ಅಂದರೆ ಪೆನ್ನು ಮುಚ್ಚಿಡುತ್ತಾರೆ. ಒಂದು ಬ್ಯಾಕ್ಟೀರಿಯಾ ನಿಮ್ಮ ಜೊತೆ ಜೀವಮಾನವಿಡೀ ಸುಮ್ಮನೆ ಇರುತ್ತದೋ ಅಥವಾ ನಿಮ್ಮನ್ನು ನೆಲಕ್ಕೆ ಕೆಡವುತ್ತದೋ, ಅದು ನಿಂತಿರುವುದು ಇಂಥ ಒಂದು ಚೂರು ಪ್ರೋಟೀನು ಅದರ ಹತ್ತಿರ ಇದೆಯೋ ಇಲ್ಲವೋ ಅನ್ನುವುದರ ಮೇಲೆ, ಇದನ್ನು ಕೇಳಿ ನನಗೆ ಓದುವ ವಯಸ್ಸಿನಲ್ಲಿ ರಾತ್ರಿ ನಿದ್ದೆ ಬಂದಿರಲಿಲ್ಲ, ಇವರು ಪೆನ್ನು ಮುಚ್ಚಿಡುತ್ತಾರೆ.

ಜಾವಗಲ್ ಬಂತು, ಇಳಿಯುವವರಿಗಿಂತ ಮೊದಲು ಹತ್ತುವವರು, ಬಾಗಿಲಲ್ಲಿ ಒಂದು ಮೂಟೆ, ಮೂಟೆ ಯಾರ್ದ್ರೀ, ಮೂಟೆಗೂ ಟಿಕೆಟ್ ತಗೋಬೇಕು, ನಿಲ್ಲಿಸಿಬಿಟ್ಟರು, ಕಾಯಿ ತುಂಬಿದ ಆ ಮೂಟೆಯನ್ನು ಮೇಲೆ ಹಾಕುವುದೋ ಒಳಗೆ ಹಾಕುವುದೋ ಅಂತ ಎಲ್ಲರೂ ಸಲಹೆ ಕೊಡುತ್ತಿದ್ದಾರೆ, ಒಬ್ಬರೂ ಎತ್ತುವುದಿಲ್ಲ, ನಮ್ಮೂರವರೆಲ್ಲ ಸೇರಿ ಒಂದು ಪಾಯಸ ಮಾಡಿಸಿದ್ದೂ ಹೀಗೇ ತಾನೇ. ಅತ್ತೆ ಬಿಸಿಯೂಟಕ್ಕೆ ಸೇರಿದ ದಿನದಿಂದ ಊರಿನ ಅರ್ಧ ಮಕ್ಕಳು ಮನೆಯಿಂದ ಡಬ್ಬಿ ತರುತ್ತಿದ್ದವು, ನಮ್ಮ ಕೇರಿಯ ಮಕ್ಕಳು ತಟ್ಟೆ ಇಟ್ಟುಕೊಂಡು ಒಂದು ಕಡೆ, ಡಬ್ಬಿಯವು ಇನ್ನೊಂದು ಕಡೆ, ಅತ್ತೆಗೆ ಅದೊಂದೇ ಕೊರಗು, ಉಪ್ಪು ಜಾಸ್ತಿ ಆಯ್ತಾ, ಖಾರ ಜಾಸ್ತಿ ಆಯ್ತಾ, ಉಣ್ಣಕ್ಕೆ ಏನು ಬ್ಯಾನೆ ಆ ಮಕ್ಳಿಗೆ ಅಂತ ನನ್ನನ್ನೇ ಕೇಳುತ್ತಿದ್ದಳು, ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೂ ಉಪ್ಪಿನ ಮೇಲೆ ಹಾಕುತ್ತಿದ್ದಳು. ನಮ್ಮಪ್ಪ ಜವರಪ್ಪ ದೀಕ್ಷೆ ತೆಗೆದುಕೊಂಡು ಬೌದ್ಧನಾದಾಗ ನೀನೂ ಬಾ ಅಂತ ಕರೆದರೆ ಬುದ್ಧನ ಪಟ ಕೊಡಣ್ಣ ಮಾದೇಸ್ವರನ ಪಕ್ಕದಲ್ಲೇ ಇಟ್ಕತೀನಿ ಅಂದವಳು, ಯಾರನ್ನೂ ಬಿಡಲು ಬಾರದವಳು, ಡಬ್ಬಿಯ ಮಕ್ಕಳನ್ನು ಎಲ್ಲಿ ಬಿಟ್ಟಾಳು. ಸ್ವಾತಂತ್ರ್ಯದ ದಿನವಾದರೂ ಎಲ್ಲ ಒಟ್ಟಿಗೆ ಕೂತು ತಿನ್ನಲಿ ಅಂತ ಚನ್ನಬಸವಯ್ಯನವರಿಗೆ ಆಸೆ, ನಾನು ಅಲ್ಲವೆನ್ನುವುದಿಲ್ಲ, ಆಸೆ ಒಳ್ಳೆಯದೇ, ಆದರೆ ಅದಕ್ಕೆ ಕಂಡುಹಿಡಿದ ದಾರಿ ನೋಡಿ. ಹಾಲು, ಡೇರಿ ಅಧ್ಯಕ್ಷ ಜಯದೇವಪ್ಪನವರದು, ಕಾಯಿಸುವುದೂ ಅವರ ಮನೆಯಲ್ಲೇ, ಅವರ ಹೆಂಡತಿ ಜಾನಕಮ್ಮನ ಕೈಯಲ್ಲಿ, ಸಕ್ಕರೆ ಏಲಕ್ಕಿ ಸಮೇತ ಎಲ್ಲ ಅಲ್ಲೇ, ಮುತ್ತಮ್ಮ ಶಾಲೆಯಲ್ಲಿ ಶಾವಿಗೆ ಹಾಕಿ ಒಂದು ಕುದಿ ಬರಿಸಿದರೆ ಸಾಕು, ಅಷ್ಟಾದರೆ ಪಾಯಸ ಅವರದಾಯಿತು, ಕುದಿ ಮಾತ್ರ ಇವಳದು, ಮಕ್ಕಳು ಕುಡಿಯಬಹುದು. ಊರು ಒಪ್ಪಿತು, ಎಲ್ಲರೂ ಒಪ್ಪಿದರು, ಅತ್ತೆಯೂ ಒಪ್ಪಿದಳು, ಸೀರೆ ಮಡಿ ಮಾಡಿಟ್ಟುಕೊಂಡಳಂತೆ.

ಕಾಯಿಸಿದ್ದು ನಸುಕಿನಲ್ಲಿ. ಧ್ವಜ ಏರಿಸಿ, ಭಾಷಣ ಮಾಡಿಸಿ, ಮಕ್ಕಳ ಹಾಡು ಮುಗಿದು, ಜಯದೇವಪ್ಪನವರ ಭಾಷಣವೂ ಮುಗಿದು, ಹಾಲು ಶಾಲೆಗೆ ಬಂದದ್ದು ನೆತ್ತಿಯ ಮೇಲೆ ಬಿಸಿಲು ಬಂದಾಗ, ಅಲ್ಲಿಯವರೆಗೆ ಅಷ್ಟು ದೊಡ್ಡ ತಪ್ಪಲೆ ಅವರ ಜಗಲಿಯ ಮೇಲೆ, ಮೇಲೊಂದು ಪಂಚೆ ಮುಚ್ಚಿಕೊಂಡು, ಬೆಚ್ಚಗೆ, ಇನ್ಕ್ಯುಬೇಟರಿನಲ್ಲಿ ಇಟ್ಟಿದ್ದರೂ ಅಷ್ಟು ಚೆನ್ನಾಗಿ ಬೆಳೆಯುತ್ತಿರಲಿಲ್ಲ. ಅತ್ತೆ ಬೆಳಿಗ್ಗೆಯೇ ಶಾಲೆಯಲ್ಲಿ ಹಸಿ ಹಾಲು ಇಟ್ಟುಕೊಂಡು ಅಲ್ಲೇ ಕಾಯಿಸಿ ಅಲ್ಲೇ ಬಡಿಸಿದ್ದರೆ ಒಂದು ಮಗುವಿಗೂ ಏನೂ ಆಗುತ್ತಿರಲಿಲ್ಲ, ಅವಳ ಕೈಯಿಂದ ಹಾಲನ್ನು ಕಾಪಾಡಲು ಹೋಗಿ ಇಷ್ಟೂ ಆಯಿತು, ಇದನ್ನು ನೆನೆದರೆ ನನಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ, ಯಾರ ತಲೆ ಅನ್ನುವುದನ್ನು ಇನ್ನೂ ತೀರ್ಮಾನಿಸಿಲ್ಲ. ಮೊದಲನೆಯ ಸಲ ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಕುಡಿದವಂತೆ, ಎರಡೆರಡು ಲೋಟ, ಅತ್ತೆ ಫೋನಿನಲ್ಲಿ ಹೇಳುವಾಗ ಅಳುತ್ತಿದ್ದಳು, ವಾಂತಿಯ ಸುದ್ದಿಗಿಂತ ಮೊದಲು ಎರಡೆರಡು ಲೋಟದ ಸುದ್ದಿಯನ್ನೇ ಹೇಳಿದಳು. ಅವಳು ಮಾತ್ರ ಯಾಕೆ ಕುಡಿಯಲಿಲ್ಲ ಅನ್ನುವುದು ಈಗ ಒಂದು ಆರೋಪ, ಬಡಿಸುವವಳು ಕಡೆಗೆ ತಾನೇ ಕುಡಿಯುವುದು, ಅವಳ ಪಾಲಿನದನ್ನು ನನಗೆ ಇಷ್ಟ ಅಂತ ಸ್ಟೀಲ್ ಡಬ್ಬಿಗೆ ಹಾಕಿ ಎತ್ತಿಟ್ಟಿದ್ದಳು, ಅದೇ ಡಬ್ಬಿಯನ್ನು ಮಾರನೆಯ ದಿನ ನಾನು ಐಸಿನಲ್ಲಿ ಹುದುಗಿಸಿ ಬೆಂಗಳೂರಿಗೆ ಒಯ್ದದ್ದು.

ನಿಂಬೆಹಣ್ಣು. ಡಬ್ಬಿ ಬೆಂಗಳೂರಿಗೆ ಮುಟ್ಟಿಸಿ ನಾಲ್ಕು ದಿನಕ್ಕೆ ಮತ್ತೆ ಊರಿಗೆ ಹೋದಾಗ ಜಯದೇವಪ್ಪನವರ ಮನೆಗೂ ಹೋದೆ, ಜಗಲಿಯ ಮೇಲೆ ಕೂರಿಸಿದರು, ಮೇಡಂ ಮೇಡಂ ಅಂದರು, ಕಾಫಿ ಪ್ಲಾಸ್ಟಿಕ್ ಲೋಟದಲ್ಲಿ ಬಂತು, ಬಿಸಿಗೆ ಅದು ಸೊಟ್ಟಗಾಗುತ್ತಿತ್ತು, ತಂದವರು ಜಾನಕಮ್ಮ, ಅವರ ಬಲಗೈ ಹೆಬ್ಬೆರಳಿಗೆ ಒಂದು ನಿಂಬೆಹಣ್ಣು ಸಿಕ್ಕಿಸಿಕೊಂಡಿದ್ದರು, ಉಗುರುಸುತ್ತು, ವಾರದಿಂದ ನಿದ್ದೆಯಿಲ್ಲ ಕಣಮ್ಮ ಅಂದರು, ಗಂಡ ಒಳಗೆ ಹೋದದ್ದನ್ನು ನೋಡಿಕೊಂಡು ನನ್ನ ಪಕ್ಕಕ್ಕೆ ಬಂದು ಕೂತರು, ನೀನು ರೋಗದ ವಿಷಯ ಓದಿದೋಳಂತೆ, ಏನಾದ್ರೂ ಹಚ್ಕೊಳ್ಳಕ್ಕೆ ಹೇಳು. ಪಾಯಸದ ದಿನವೂ ಹೀಗೇ ಇತ್ತಾ ಅಂದೆ. ಇನ್ನೂ ಜೋರಿತ್ತು, ಕೀವು ಸೋರ್ತಿತ್ತು, ಆದ್ರೂ ಹಾಲಿನ ಕೆಲ್ಸ ನೋಡು, ನಿಂಬೆಹಣ್ಣು ತೆಗೆದಿಟ್ಟೇ ಕೆನೆ ತೆಗೆದೆ, ಹುಳಿ ತಾಗಿ ಮಕ್ಕಳ ಹಾಲು ಒಡೆದುಬಿಟ್ರೆ ಅಂತ. ಹುಳಿ ತಾಗಿ ಹಾಲು ಒಡೆದುಬಿಟ್ಟರೆ — ಒಡೆಯಬೇಕಾಗಿತ್ತು ತಾಯಿ, ಒಡೆದು ಚೂರಾಗಿ ಚರಂಡಿಗೆ ಹೋಗಬೇಕಾಗಿತ್ತು, ನಿಮ್ಮ ಜೋಪಾನವೇ ಮುಳುಗಿಸಿತು. ಕೀವು ಸ್ವಲ್ಪ ತೆಗೆದುಕೊಳ್ಳುತ್ತೇನೆ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಗೊತ್ತಾಗುತ್ತದೆ ಅಂದೆ, ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ, ಅವರು ನನ್ನ ತೊಡೆಯ ಮೇಲೆ ಕೈ ಇಟ್ಟರು, ಹತ್ತಿಯ ಕಡ್ಡಿ ತಾಗಿದಾಗ ನೋವಿಗೆ ನನ್ನ ಮಣಿಕಟ್ಟು ಹಿಡಿದುಕೊಂಡರು, ಬಿಡಲಿಲ್ಲ. ಇಂಥವರನ್ನು ದ್ವೇಷಿಸುವುದು ಹೇಗೆ, ದ್ವೇಷಿಸಲು ಸಾಧ್ಯವಾಗಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು, ಅದೂ ಇಲ್ಲ.

ಹೋಲಿಸಿ ನೋಡಲು ಅತ್ತೆಯದೂ ಬೇಕಾಗಿತ್ತು, ಕೈಯದು ಮೂಗಿನದು ಎರಡೂ, ಕೈ ತೋರಿಸು ಅತ್ತೆ ಅಂದದ್ದಕ್ಕೆ ಎರಡೂ ಅಂಗೈ ಮೇಲೆ ಮಾಡಿ ನೀಡಿದಳು, ಮೇಷ್ಟರ ಬೆತ್ತಕ್ಕೆ ಕೈ ಒಡ್ಡುವ ಮಕ್ಕಳ ಹಾಗೆ, ಕಣ್ಣು ಮುಚ್ಚಿಕೊಂಡು, ಆ ದಿನದಿಂದ ಬಟ್ಟೆ ಸೋಪು ಹಾಕಿ ಉಜ್ಜಿ ಉಜ್ಜಿ ಚರ್ಮ ಸೀಳು ಬಿಟ್ಟಿತ್ತು, ಯಾಕೆ ಹೀಗೆ ತೊಳೀತೀಯ, ನಿನ್ನ ಕೈಯಲ್ಲಿ ಏನೂ ಇಲ್ಲ ಅಂದರೆ ಇರ್ಲಿ ತಗ ಕಣ್ಮಗ, ತೊಳುದ್ರೆ ಸವೆದೋಗ್ತದಾ ಅಂದಳು. ಆಮೇಲೆ ಚಿತ್ರಾ ಫೋನ್ ಮಾಡಿದಳು, ಎಂ.ಎಸ್ಸಿ.ಯಲ್ಲಿ ನನ್ನ ಜೊತೆಗಿದ್ದವಳು, ಪರೀಕ್ಷೆ ಮಾಡಿಕೊಟ್ಟದ್ದು ಅವಳೇ, ಪಾಯಸದಲ್ಲಿ ಟಾಕ್ಸಿನ್ ಇದೆ ಕಣೇ, ಆ ಹೆಬ್ಬೆರಳಿನ ಕೀವಿನ ಸ್ಟ್ಯಾಫ್ ಅದೇ ಟಾಕ್ಸಿನ್ ಮಾಡ್ತಿದೆ, ಸಿಕ್ಕಿಬಿತ್ತು, ನಿಮ್ಮ ಅತ್ತೆ ಕೈಯಲ್ಲಿ ಏನೂ ಇಲ್ಲ, ಆದ್ರೆ ಮೂಗಲ್ಲಿ ಸ್ಟ್ಯಾಫ್ ಇದೆ, ಅದು ಟಾಕ್ಸಿನ್ ಮಾಡಲ್ಲ, ಪಾಪದ್ದು. ಇರಲೇಬೇಕು, ಮೂವರಲ್ಲಿ ಒಬ್ಬರ ಮೂಗಿನಲ್ಲಿ ಇರುತ್ತದೆ, ಪರೀಕ್ಷಿಸಿದರೆ ನನ್ನದರಲ್ಲೂ ಇರಬಹುದು, ವಿಚಾರಣೆ ಮಾಡುವ ಸಾಹೇಬರ ಮೂಗಿನಲ್ಲೂ ಇರಬಹುದು, ಇಬ್ಬರು ಹೆಂಗಸರ ಮೈಯಲ್ಲಿ ಒಂದೇ ಬ್ಯಾಕ್ಟೀರಿಯಾ, ಒಂದರ ಹತ್ತಿರ ಆ ಚೂರು ಪ್ರೋಟೀನು ಇದೆ, ಇನ್ನೊಂದರ ಹತ್ತಿರ ಇಲ್ಲ, ಇದು ನನಗೆ ಹಗಲಿನಷ್ಟು ಸ್ಪಷ್ಟ, ಇದನ್ನು ಬೇಲೂರಿನಲ್ಲಿ ಹೇಳಿದರೆ ಅವರಿಗೆ ಕೇಳಿಸುವುದು ಎರಡೇ ಎರಡು ಮಾತು, ಅಡುಗೆಯವಳ ಮೂಗಿನಲ್ಲೂ ಇತ್ತಂತೆ, ಕೈಯಿಂದ ಬರುವುದಂತೆ. ಕೈಯಿಂದಲೇ ಬರುವುದು, ಹೌದು, ಇದೇ ನನ್ನ ಕರ್ಮ, ನಿಜ ಹೇಳಿದರೂ ಅವರು ಮೊದಲಿನಿಂದ ಹೇಳುತ್ತಿದ್ದ ಸುಳ್ಳಿನ ಹಾಗೇ ಕೇಳಿಸುತ್ತದೆ, ನಾವು ಹೇಳಲಿಲ್ಲವಾ ಅವಳ ಕೈ ಅಂತ ಅನ್ನುತ್ತಾರೆ, ಯಾರ ಕೈ ಅಂತ ನಾನು ಎಷ್ಟು ಕೂಗಿದರೂ. ಆದರೂ ಕೂಗುತ್ತೇನೆ. ಹಲ್ಲಿಗೆ ಮಾತ್ರ ಒಪ್ಪುವುದಿಲ್ಲ.

ಹಳೇಬೀಡು, ದೇವಸ್ಥಾನದ ಮುಂದೆ ಟೂರಿಸ್ಟ್ ಬಸ್ಸು, ಟೋಪಿಯವರು, ನೀರಿನ ಬಾಟಲಿಯವರು, ಅತ್ತೆ ಅರಳಿಕಟ್ಟೆಯ ಹತ್ತಿರ ನಿಂತಿದ್ದಾಳೆ, ಅದೇ ಮಡಿ ಮಾಡಿಟ್ಟ ಸೀರೆ, ಕೈಯಲ್ಲಿ ಕಡಲೆಕಾಯಿ ಪೊಟ್ಟಣ, ಹತ್ತಿದಳು, ನನ್ನ ಪಕ್ಕಕ್ಕೆ ಬಂದು ಕೂತಳು, ಕಂಡಕ್ಟರ್ ಈಗಲಾದರೂ ಟಿಕೆಟ್ ಕೊಟ್ಟ. ಉಂಡ್ಕೊಂಡ್ ಬಂದ್ಯಾ ಮಗ, ಮೊದಲ ಮಾತು ಇದು, ಯಾವಾಗಲೂ ಇದೇ. ಅತ್ತೆ, ಅಲ್ಲಿ ಏನು ಕೇಳಿದರೂ ನೀನು ಸುಮ್ಮನಿರು, ನಾನು ಮಾತಾಡುತ್ತೇನೆ, ರಿಪೋರ್ಟು ಬಂದಿದೆ, ಜಾನಕಮ್ಮನ ಬೆರಳಿನದೇ ಅಂತ ಗೊತ್ತಾಗಿದೆ ಅಂದೆ. ಕಿಟಕಿಯ ಆಚೆ ನೋಡುತ್ತಿದ್ದಳು. ನಾನು ಯೋಳ್ಬುಟ್ಟೆ ಕಣವ್ವ, ಅಂದಳು. ಏನು ಹೇಳಿಬಿಟ್ಟೆ. ಹಲ್ಲಿ ಅಂತ. ಹೆಡ್ ಮೇಷ್ಟ್ರಿಗೂ ಯೋಳಿವ್ನಿ, ಜಯದೇವಪ್ನೋರ ಮುಂದೂ ಯೋಳಿವ್ನಿ, ನನ್ ಕಣ್ಣಾರೆ ಕಂಡೆ, ಸೂರಿಂದ ಬಿತ್ತು, ಸೌಟಲ್ಲಿ ತೆಗ್ದು ಎಸ್ದೆ ಅಂತ, ಒಲೆ ಮುಂದೆ ನಾನೇ ಇರ್ತೀನಿ, ಅದಕ್ಕೊಪ್ಪಿದ್ರೆ ಸಾಯೇಬ್ರ ಮುಂದೂ ಅದ್ನೇ ಅಂತೀನಿ ಅಂದೆ, ಮೇಷ್ಟ್ರು ಊಂ ಅಂದವ್ರೆ. ನೀನು ನೋಡಿಯೇ ಇಲ್ಲವಲ್ಲ ಅತ್ತೆ, ಹಲ್ಲಿಯೇ ಇರಲಿಲ್ಲವಲ್ಲ, ನನ್ನ ಬ್ಯಾಗಿನಲ್ಲಿ — ನನ್ನ ಗಂಟಲು ಏರಿತು, ಮುಂದಿನ ಸೀಟಿನವಳು ತಿರುಗಿ ನೋಡಿದಳು. ಇರ್ಲಿಲ್ಲ ಕಣ್ಮಗ, ನಂಗೊತ್ತಿಲ್ವಾ. ನೀನು ಜಾನಕಮ್ಮನ ಬೆರಳು ಅಂತೀಯ, ಅವ್ರು ಮುತ್ತಮ್ಮನ ಕೈ ಅಂತಾರೆ, ನೀನು ಅರಸೀಕೆರೆಗೆ ಹೊಂಟೋಗ್ತೀಯ, ನಾಳಿಂದ ಎಲ್ಲ ಮಕ್ಳೂ ಡಬ್ಬಿ ತತ್ತವೆ. ಹಲ್ಲಿಗೆ ಜಾತಿ ಇಲ್ಲ, ಅದ್ರ ಮ್ಯಾಲೆ ಹಾಕಿದ್ರೆ ಯಾರೂ ಬ್ಯಾಡ ಅನ್ನಲ್ಲ, ಮಕ್ಳು ಬಂದು ಕೂತ್ಕತವೆ.

ಸಿಟ್ಟು, ಎಂಥ ಸಿಟ್ಟು, ಅವಳ ಮೇಲೋ ಮೇಷ್ಟರ ಮೇಲೋ ನನ್ನ ಮೇಲೋ, ಇಷ್ಟು ಓಡಾಡಿದ್ದು, ಐಸು ಹೊತ್ತದ್ದು, ಚಿತ್ರಾಳ ಕೈಕಾಲು ಹಿಡಿದದ್ದು, ಎಲ್ಲ ಒಂದು ಇಲ್ಲದ ಹಲ್ಲಿಯ ಮುಂದೆ, ಮತ್ತು ಅವಳು ಹೇಳುತ್ತಿರುವುದರಲ್ಲಿ ಒಂದು ಎಳೆಯಷ್ಟೂ ಸುಳ್ಳಿಲ್ಲ, ಲೆಕ್ಕ ಸರಿಯಾಗಿದೆ, ಅದಕ್ಕೇ ಇನ್ನಷ್ಟು ಸಿಟ್ಟು. ಹಾಗಾದರೆ ನಿನ್ನ ಕೈ ಶುದ್ಧ ಅಂತ ಯಾರು ಹೇಳುವುದು ಅತ್ತೆ, ಅದನ್ನು ಒಬ್ಬರಾದರೂ ಬಾಯಿಬಿಟ್ಟು ಹೇಳಬೇಡವಾ ಅಂದೆ. ನೀನು ಯೋಳ್ತೀಯಲ್ಲ, ಸಾಕು ಬುಡು, ಅಂದು ನಕ್ಕಳು, ಆ ದಿನದ ನಂತರ ನಕ್ಕದ್ದು ಇದೇ ಮೊದಲು, ಪೊಟ್ಟಣ ಬಿಚ್ಚಿದಳು, ಒಂದು ಕಡಲೆಕಾಯಿ ಒಡೆದಳು, ಬೀಜ ಉಜ್ಜಿ ಸಿಪ್ಪೆ ತೆಗೆದಳು, ಉಫ್ ಅಂತ ಊದಿದಳು, ನಾನು ಚಿಕ್ಕವಳಿದ್ದಾಗ ಕೊಡುತ್ತಿದ್ದ ಹಾಗೆ ಎರಡು ಬೆರಳಲ್ಲಿ ಹಿಡಿದು ನನ್ನ ಬಾಯಿಯ ಹತ್ತಿರ ತಂದಳು, ಆ ತೋರುಬೆರಳು, ಸೋಪಿಗೆ ಸೀಳಿದ ಚರ್ಮ, ಉಗುರಿನ ಪಕ್ಕ ಒಂದಿಷ್ಟು ಕೆಂಪು, ಊದಿಕೊಂಡಂತೆ — ನಾನು ನೋಡಿದೆ. ನೋಡಿದೆ ಅಷ್ಟೆ. ಬಾಯಿ ತೆರೆಯುವುದು ಒಂದು ಚೂರು ತಡವಾಯಿತು, ರೆಪ್ಪೆ ಬಡಿದಷ್ಟು, ಅದಕ್ಕಿಂತ ಹೆಚ್ಚಲ್ಲ, ಬಸ್ಸು ಕುಲುಕಿತು ಅಂತ ಅನ್ನಬಹುದಾಗಿತ್ತು, ಆದರೆ ಬಸ್ಸು ಕುಲುಕಲಿಲ್ಲ. ಬೆರಳು ಅಲ್ಲೇ ನಿಂತಿತು. ಅತ್ತೆ ನನ್ನ ಕಣ್ಣು ಎಲ್ಲಿದೆ ಅಂತ ನೋಡಿದಳು, ಆಮೇಲೆ ತನ್ನ ಬೆರಳನ್ನು ನೋಡಿಕೊಂಡಳು, ಬೀಜವನ್ನು ಮೆಲ್ಲಗೆ ಪೊಟ್ಟಣಕ್ಕೆ ಹಾಕಿ ಪೊಟ್ಟಣವನ್ನು ನನ್ನ ತೊಡೆಯ ಮೇಲೆ ಇಟ್ಟಳು, ನೀನೇ ಬಿಡಿಸ್ಕೊ ಮಗ, ಅಂದಳು, ಬೇಸರವಿಲ್ಲದ ದನಿ, ಎರಡೂ ಕೈಯನ್ನು ಸೆರಗಿನ ಒಳಗೆ ಇಟ್ಟುಕೊಂಡಳು. ಅತ್ತೆ, ಕೊಡು ಅಂದೆ, ಕೊಡು ಅತ್ತೆ, ನೀನೇ ಬಿಡಿಸಿ ಕೊಡು, ಬಾಯಿ ತೆರೆದುಕೊಂಡು ಕೂತಿದ್ದೇನೆ, ಅವಳು ಕಿಟಕಿಯ ಕಡೆ ತಿರುಗಿದ್ದಾಳೆ, ಬೇಲೂರು ಬರುತ್ತಿದೆ, ಸೆರಗಿನ ಒಳಗೆ ಆ ಕೈ, ಆ ಬೆರಳು, ಉಗುರಿನ ಪಕ್ಕ ಕೆಂಪು, ಸೆರಗಿನ ಒಳಗೆ.